ಫ್ಲೆಕ್ಸ್‌ಗೆ ಮೊದಲು ಅಡುಗೆಮನೆ

ಹೋದ ವಾರ ಅವ್ವನ ಅಡುಗೆಮನೆಯ ಎರಡು ಫೋಟೊ ಹಾಕಿದ್ದೆ. ಒಂದು ಹಳೇದು, ಒಂದು ಹೊಸದು. ನಾನೂ ನನ್ನ ತಮ್ಮನೂ ಸೇರಿ ಒಂಬತ್ತು ದಿನದಲ್ಲಿ, 23,700 ರೂಪಾಯಿಯಲ್ಲಿ ಮಾಡಿದ ಕೆಲಸ. ಖುಷಿಗೆ ಹಾಕಿದ್ದು. ಅದಕ್ಕೆ ಎರಡು ಥರದ ಮಾತು ಬಂದವು. ಎರಡಕ್ಕೂ ಸೇರಿಸಿ ಇಲ್ಲೇ ಉತ್ತರ ಕೊಡ್ತೀನಿ. ಉದ್ದ ಆಗುತ್ತೆ, ಪುರುಸೊತ್ತು ಮಾಡ್ಕೊಂಡು ಓದಿ.

ಮೊದಲನೇ ಮಾತು ಬೆಂಗಳೂರಿನ ಒಬ್ಬ ಸ್ನೇಹಿತರದು. ಒಳ್ಳೆಯವರು, ಪ್ರಗತಿಪರರು. "ಅಯ್ಯೋ, ಆ ಮಣ್ಣಿನ ಒಲೆ ಎಷ್ಟು ಚೆನ್ನಾಗಿತ್ತು! ಯಾಕ್ರೀ ಒಡೆದ್ರಿ? ಆ ರುಚಿ ಇನ್ನೆಲ್ಲಿ ಸಿಗುತ್ತೆ?"

ಎರಡನೇದು ನಮ್ಮದೇ ಸಂಘಟನೆಯ ಹಿರಿಯ ಅಣ್ಣನದು. "ಸಂವಿಧಾನಕ್ಕೇ ಕುತ್ತು ಬಂದಿರುವಾಗ ಟೈಲ್ಸ್ ಫೋಟೊ ಹಾಕ್ತಾ ಕೂತಿದ್ದೀಯಲ್ಲ ತಮ್ಮ. ನೀನೂ ಮಿಡ್ಲ್ ಕ್ಲಾಸ್ ಆಗ್ಬಿಟ್ಯಾ?"

ಸ್ನೇಹಿತರೇ, ಮೊದಲು ನಿಮಗೆ.

ನೀವು ಆ ಒಲೆಯ ಉಪ್ಸಾರು ಉಂಡಿದ್ದು ವರ್ಷಕ್ಕೊಂದು ಸಲ. ಊಟ ಮಾಡಿ, ಫೋಟೊ ತೆಗೆದುಕೊಂಡು, ಕಾರು ಹತ್ತಿ ಹೋದ್ರಿ. ನಮ್ಮವ್ವ ಆ ಒಲೆ ಮುಂದೆ ದಿನಕ್ಕೆರಡು ಹೊತ್ತು, ಮೂವತ್ತು ವರ್ಷ ಕೂತಿದ್ದಾಳೆ. ಕಿಟಕಿ ಇಲ್ಲ. ಹೊಗೆ ಹಂಚಿನ ಸಂದಿಯಲ್ಲಿ ಹೋದಷ್ಟು ಹೋಗೋದು, ಉಳಿದಿದ್ದು ಅವಳ ಎದೆಗೆ. ಎರಡು ವರ್ಷದ ಹಿಂದೆ ಕೆಮ್ಮು ನಿಲ್ಲಲಿಲ್ಲ ಅಂತ ಆಸ್ಪತ್ರೆಗೆ ಕರ್ಕೊಂಡು ಹೋದೆ. ಡಾಕ್ಟರು ಎಕ್ಸ್‌ರೇ ನೋಡಿ ಕೇಳಿದ್ರು: "ಏನಮ್ಮಾ, ಬೀಡಿ ಸೇದ್ತೀಯಾ?" ಅವ್ವ ಅಂದ್ಲು: "ಇಲ್ಲ ಸಾ, ಒಲೆ ಊದ್ತೀನಿ."

ಅಷ್ಟೇ. ಆ ಹೊತ್ತು ನಾನು ತಲೆ ಎತ್ತಲಿಲ್ಲ.

ಈಗ ಹೈವೇ ಬದಿಯಲ್ಲಿ ನೋಡಿ, 'ಸೌದೆ ಒಲೆ ಅಡುಗೆ' ಅಂತ ಬೋರ್ಡು. ಹೋಮ್‌ಸ್ಟೇಗಳಲ್ಲಿ ತೋರಿಸಲಿಕ್ಕೆ ಅಂತಲೇ ಹೊಸದಾಗಿ ಮಣ್ಣಿನ ಒಲೆ ಹಾಕಿಸ್ತಾರೆ. ಮನೆಯಲ್ಲಿ ಗ್ಯಾಸು, ಚಿಮ್ನಿ, ಮಿಕ್ಸಿ, ಗ್ರೈಂಡರು ಇದ್ದವರಿಗೆ ಹೊಗೆ ಒಂದು ಪರಿಮಳ. ಬೇರೆ ದಾರಿ ಇಲ್ಲದವರಿಗೆ ಅದು ಕಾಯಿಲೆ. ಬಡವರ ಮನೆಯ ಹಳೇ ಅಡುಗೆಮನೆ ಸಂಸ್ಕೃತಿಯೇ ಅಂತ ನಿಮಗೆ ಅನ್ನಿಸಿದರೆ, ಆ ಸಂಸ್ಕೃತೀನ ಒಂದು ತಿಂಗಳು ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಹಚ್ಚಿ ನೋಡಿ. ಕಿಟಕಿ ಮುಚ್ಚಿ.

ಇನ್ನು ಅಣ್ಣಾ, ನಿಮಗೆ. ನಿಮಗೆ ಕೊಡೋ ಉತ್ತರ ಸ್ವಲ್ಪ ಉದ್ದ. ಯಾಕಂದ್ರೆ ಅದರಲ್ಲಿ ಅರ್ಧ ನನಗೆ ನಾನೇ ಕೊಟ್ಕೋಬೇಕಾದ್ದು.

ಜಾತಿ ಎಲ್ಲಿದೆ ಅಂತ ನಾವು ಭಾಷಣದಲ್ಲಿ ಹೇಳ್ತೀವಿ: ಗುಡೀಲಿ, ಕೆರೇಲಿ, ಹೋಟೆಲಿನ ಲೋಟದಲ್ಲಿ, ಕಟಿಂಗ್ ಶಾಪಲ್ಲಿ. ನಿಜ. ಆದರೆ ಅದರ ಬೇರು ಇರೋದು ಅಡುಗೆಮನೇಲಿ. ಅಲ್ಲಿ ಯಾರು ಒಲೆ ಮುಟ್ಟಬಹುದು, ಯಾರು ಹೊಸಿಲು ದಾಟಬಾರದು, ಯಾರ ನೀರು ನಡೆಯುತ್ತೆ, ಯಾರದು ನಡೆಯಲ್ಲ. ಸಹಭೋಜನದಿಂದ ಜಾತಿ ಸಾಯಲ್ಲ ಅಂತ ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ಹೇಳಿದ್ರು. ಪಂಕ್ತಿಯಲ್ಲಿ ಪಕ್ಕ ಕೂರಿಸ್ಕೊಂಡವರು ಅಡುಗೆಮನೆ ಬಾಗಿಲಲ್ಲಿ ನಿಲ್ಲಿಸ್ತಾರೆ. ಸಂಬಂಧ ಅಂದ ಕೂಡಲೇ ಬಾಗಿಲನ್ನೇ ಹಾಕ್ತಾರೆ.

ಶಾಲೆಯ ಬಿಸಿಯೂಟಕ್ಕೆ ಅಡುಗೆಯವರನ್ನು ನೇಮಿಸುವಾಗ ದಲಿತರಿಗೆ ಆದ್ಯತೆ ಕೊಡಿ ಅಂತ ಸುಪ್ರೀಂ ಕೋರ್ಟು ಹೇಳಿದ್ದು 2004ರ ಏಪ್ರಿಲ್‌ನಲ್ಲಿ. ಆಮೇಲೂ ನಮ್ಮ ರಾಜ್ಯದಲ್ಲೇ 'ಅವಳು ಮಾಡಿದ ಅಡುಗೆ ನಮ್ಮ ಮಕ್ಕಳು ಉಣ್ಣಲ್ಲ' ಅಂತ ಮಕ್ಕಳ ಟಿ.ಸಿ. ತಗೊಂಡು ಹೋದ ಅಪ್ಪ ಅಮ್ಮಂದಿರಿದ್ದಾರೆ. ಪೇಟೇಲಿ ಬಾಡಿಗೆ ಮನೆ ಕೇಳಕ್ಕೆ ಹೋದ್ರೆ ಮೊದಲ ಪ್ರಶ್ನೆ, "ವೆಜ್ಜಾ, ನಾನ್‌ವೆಜ್ಜಾ?" ಜಾತಿ ಕೇಳಿದರೆ ಕೇಸು, ಅಡುಗೆ ಕೇಳಿದರೆ ಏನೂ ಇಲ್ಲ. ಅವರಿಗೆ ಗೊತ್ತು, ಎರಡೂ ಒಂದೇ ಪ್ರಶ್ನೆ ಅಂತ.

ನಮ್ಮಪ್ಪ ಗಾರೆ ಕೆಲಸದವನು. ಮೈಸೂರಿನ ಹೊಸ ಬಡಾವಣೆಗಳಲ್ಲಿ ಎಷ್ಟು ಅಡುಗೆಮನೆ ಕಟ್ಟಿದನೋ ಅವನಿಗೇ ಲೆಕ್ಕ ಇರಲಿಲ್ಲ. ಪ್ಲಾಟ್‌ಫಾರಂ ಕೂರಿಸೋದು, ಗೋಡೆಗೆ ಟೈಲ್ಸ್ ಅಂಟಿಸೋದು ಅವನ ಕೈಚಳಕ. ನನಗೆ ಹನ್ನೆರಡು ವರ್ಷ ಇದ್ದಾಗ ಒಂದು ಮನೆಯ ಗೃಹಪ್ರವೇಶಕ್ಕೆ ಕರ್ಕೊಂಡು ಹೋಗಿದ್ದ. ಹಸೂನ ಒಳಗೆ ನುಗ್ಗಿಸಿದ್ರು, ಗಂಜಲ ಚಿಮುಕಿಸಿದ್ರು, ಅಪ್ಪ ಕೂರಿಸಿದ ಕಲ್ಲಿನ ಮೇಲೇ ಹಾಲು ಉಕ್ಕಿಸಿದ್ರು. ನಾನು ನೀರು ಕುಡಿಯೋಣ ಅಂತ ಅಡುಗೆಮನೆ ಕಡೆ ಹೋದೆ. "ಏಯ್, ಅಲ್ಲೇ ನಿಂತ್ಕೊ, ಒಳಗೆ ಮಡಿ" ಅಂದ್ರು. ಹಿಂದಿನ ದಿನ ಸಾಯಂಕಾಲದ ತನಕ ಅದೇ ಅಡುಗೆಮನೆ ನೆಲದ ಮೇಲೆ ಅಪ್ಪ ಮಂಡಿಯೂರಿ ಗ್ರೌಟ್ ತುಂಬಿದ್ದ. ಊಟ ಹಿತ್ತಲ ಶಾಮಿಯಾನದಲ್ಲಿ ಹಾಕಿದ್ರು. ಅಪ್ಪ ಏನೂ ಮಾತಾಡದೆ ಉಂಡ.

ಆ ಅಪ್ಪ ತೀರಿಕೊಂಡಾಗ ನಮ್ಮನೆ ಅಡುಗೆಮನೇಲಿ ಒಂದೇ ಒಂದು ಟೈಲ್ಸ್ ಇರಲಿಲ್ಲ.

ನಮ್ಮದು ಇಂದಿರಾ ಆವಾಸ್ ಮನೆ. ಆ ಯೋಜನೆಯ ಮನೆ ಅಂದ್ರೆ 20 ಚದರ ಮೀಟರು, ಅಂದಾಜು 215 ಚದರಡಿ. ಅದರಲ್ಲೇ ಮಲಗೋದು, ಅದರಲ್ಲೇ ಬೇಯಿಸೋದು, ಮಳೆ ಬಂದ್ರೆ ಆಡು ಕಟ್ಟೋದೂ ಅದರಲ್ಲೇ. ಹೊಗೆರಹಿತ ಒಲೆಯೂ ಶೌಚಾಲಯವೂ ಯೋಜನೆಯ ಭಾಗ ಅಂತ ನಿಯಮದಲ್ಲಿತ್ತು. ನಮ್ಮನೆ ಗೋಡೇಲಿ ಕೊಳವೆಗೆ ಅಂತ ಬಿಟ್ಟ ತೂತು ಇತ್ತು, ಒಲೆ ಬರಲೇ ಇಲ್ಲ. ಆ ತೂತಿಗೆ ಅಪ್ಪ ಚಿಂದಿ ತುರುಕಿದ್ದ, ಹಾವು ಬರುತ್ತೆ ಅಂತ. 2016ರಲ್ಲಿ ಯೋಜನೆಯ ಹೆಸರು ಬದಲಾಗಿ ಮನೆ 25 ಚದರ ಮೀಟರ್ ಆಯ್ತು, ಅಡುಗೆಗೆ ಪ್ರತ್ಯೇಕ ಜಾಗವೂ ಸೇರಿತು. ಒಳ್ಳೇದೇ. ಆದರೆ ಅದಕ್ಕೆ ಮೊದಲು ಕಟ್ಟಿದ ಮನೆಗಳಲ್ಲಿ ಇವತ್ತೂ ಕೆಮ್ಮುತ್ತಾ ಕೂತಿರೋರ ಗತಿ ಏನು? ಮನೆ ಕೊಟ್ಟಾಯ್ತು, ಕಡತ ಮುಚ್ಚಾಯ್ತು.

ಅದೇ 2016ರಲ್ಲಿ ಉಜ್ವಲ ಬಂತು. ಆಮೇಲೆ ಅವ್ವನ ಹೆಸರಿಗೂ ಗ್ಯಾಸ್ ಬಂತು. ಇಲ್ಲ ಅನ್ನಲ್ಲ. ಆದರೆ ಕೂಲಿ ಇಲ್ಲದ ತಿಂಗಳು ಸಿಲಿಂಡರ್ ತುಂಬಿಸೋದು ಯಾರು? ಸಬ್ಸಿಡಿ ಆಮೇಲೆ ಖಾತೆಗೆ ಬರುತ್ತೆ, ಪೂರ್ತಿ ದುಡ್ಡು ಮೊದಲು ಕೈಯಿಂದ ಕೊಡಬೇಕು. ಹಾಗಾಗಿ ಗ್ಯಾಸು ಟೀಗೆ, ನೆಂಟರಿಗೆ. ಮುದ್ದೆಗೆ, ಸಾರಿಗೆ, ಸ್ನಾನದ ನೀರಿಗೆ ಸೌದೆ. ಸರ್ಕಾರದ ಪಟ್ಟಿಯಲ್ಲಿ ನಮ್ಮವ್ವ ಹೊಗೆಯಿಂದ ಬಿಡುಗಡೆ ಆದವಳು. ಎಕ್ಸ್‌ರೇಯಲ್ಲಿ ಅಲ್ಲ.

ಇಷ್ಟೆಲ್ಲ ಗೊತ್ತಿದ್ದ ನಾನು ಏನು ಮಾಡ್ತಿದ್ದೆ? ಸಂಘಟನೆ ಮಾಡ್ತಿದ್ದೆ. ಮುಂದಿನ ಕೋಣೇಲಿ ಸಭೆ. ಹೆಣ್ಣುಮಕ್ಕಳ ವಿಮೋಚನೆ ಬಗ್ಗೆ ನಾನು ಮಾತಾಡ್ತಿದ್ರೆ ಒಳಗೆ ಅವ್ವ ಊದುಗೊಳವೆ ಹಿಡಿದು ಹದಿನೈದು ಜನಕ್ಕೆ ಟೀ ಕಾಸ್ತಿದ್ಲು. ಒಳಗಿಂದ ಕೆಮ್ಮು ಜೋರಾದಾಗ ನಾವು ದನಿ ಜೋರು ಮಾಡ್ತಿದ್ವಿ. ಏಪ್ರಿಲ್ 14 ಬಂದ್ರೆ ರಸೀದಿ ಪುಸ್ತಕ ಹಿಡಿದು ಕೇರಿ ಪೂರ್ತಿ ಸುತ್ತುತ್ತಿದ್ದವನೂ ನಾನೇ. ಒಂದು ವರ್ಷ ಫ್ಲೆಕ್ಸಿಗೂ ಡಿಜೆಗೂ ಸೇರಿ ಸುರಿದ ದುಡ್ಡಲ್ಲಿ ಒಂದು ಅಡುಗೆಮನೆ ಆಗ್ತಿತ್ತು. ಆ ಫ್ಲೆಕ್ಸಲ್ಲಿ ಬಾಬಾಸಾಹೇಬರಿಗಿಂತ ನಮ್ಮ ಮುಖಗಳೇ ದೊಡ್ಡವು. ಅವ್ವನ ಮುಖ ಅದರಲ್ಲಿ ಇರಲಿಲ್ಲ.

ಮಹಾಡ್ ಕೆರೆಯ ನೀರು ಮುಟ್ಟಿದ್ದು 1927ರ ಮಾರ್ಚ್ 20ರಂದು. ಪ್ರತಿ ವರ್ಷ ನೆನಪು ಮಾಡ್ತೀವಿ, ಮಾಡಲೇಬೇಕು. ಆದರೆ ಅಣ್ಣಾ, ನೀರಿನ ಹಕ್ಕು ಅಂದ್ರೆ ಕೆರೆಯ ತನಕ ಮಾತ್ರಾನಾ? ಕೆರೆಯಿಂದ ಅಡುಗೆಮನೆ ತನಕ ಆ ನೀರನ್ನು ತಲೆ ಮೇಲೆ ಹೊತ್ತವರು ಯಾರು?

ಆಸ್ಪತ್ರೆಯಿಂದ ಬಂದ ಮೇಲೆ ಪೇಟೇಲಿ ಒಬ್ಬ ಇಂಟೀರಿಯರ್‌ನವರನ್ನು ಕೇಳಿದೆ. 1,85,000 ಅಂದ್ರು. 'ಲೋ ಬಜೆಟ್' ಅಂತ ಯೂಟ್ಯೂಬಲ್ಲಿ ನೋಡಿದೆ. ಅಲ್ಲಿ ಲೋ ಅಂದ್ರೆ ಒಂದೂವರೆ ಲಕ್ಷ. ಕಪಾಟಿನ ಬಾಗಿಲಿಗೆ ಯಾವ ಬಣ್ಣ ಅನ್ನೋದೇ ಅವರಿಗೆ ದೊಡ್ಡ ಸಂಕಟ. ನನ್ನ ಹತ್ರ ಚೀಟಿ ಎತ್ತಿದ್ದು 25,000. ತಮ್ಮ ಅಂದ: "ಅಪ್ಪನ ಕರಣೆ ಅಟ್ಟದ ಮೇಲೆ ಇದೆಯಲ್ಲಣ್ಣಾ."

ಕೆಲಸ ಹೇಗೆ ಮಾಡಿದ್ವಿ ಅಂತ ಬರೀತೀನಿ. ನಿಮ್ಮಲ್ಲಿ ಯಾರಿಗಾದರೂ ಉಪಯೋಗಕ್ಕೆ ಬರಲಿ.

ನಕ್ಷೆ ಅವ್ವಂದು. ನಾವು ಮೊದಲು ಯೂಟ್ಯೂಬ್ ನೋಡಿ ಪ್ಲಾನ್ ಹಾಕಿದ್ವಿ, ಅವ್ವ ನೋಡಿ ನಕ್ಕಳು. ಇದ್ದಿಲು ತಗೊಂಡು ನೆಲದ ಮೇಲೇ ಗೆರೆ ಎಳೆದಳು: ಇಲ್ಲಿ ಒಲೆ, ಇಲ್ಲಿ ನೀರು, ಇಲ್ಲಿ ಕಾಳಿನ ಡಬ್ಬ. ಪೇಟೆ ಮನೆಗಳಲ್ಲಿ ಪ್ಲಾಟ್‌ಫಾರಂ ಎತ್ತರ 32ರಿಂದ 34 ಇಂಚು. ಅವ್ವ ನಾಲ್ಕಡಿ ಹತ್ತಿಂಚು. ಮೊಣಕೈಯಿಂದ ಐದಾರು ಇಂಚು ಕೆಳಗೆ ಇದ್ರೆ ಭುಜ ನೋಯಲ್ಲ. ಅಳತೆ ಹಿಡಿದು 30 ಇಂಚಿಗೆ ನಿಲ್ಲಿಸಿದ್ವಿ. "ಮುದ್ದೆ ಎಲ್ಲಿ ತೊಳಸ್ಲಿ?" ಅಂದ್ಲು. ನಿಂತು, ಎತ್ತರದ ಒಲೆ ಮೇಲೆ ಮುದ್ದೆ ತೊಳಸಕ್ಕಾಗಲ್ಲ, ಮೇಲಿಂದ ಒತ್ತಿ ತಿರುಗಿಸೋಕೆ ಪಾತ್ರೆ ಕೆಳಗಿರಬೇಕು. ಅದಕ್ಕೇ ಪ್ಲಾಟ್‌ಫಾರಂ ಪಕ್ಕ 15 ಇಂಚಿನ ಒಂದು ಗಿಡ್ಡ ಕಟ್ಟೆ ಕಟ್ಟಿದ್ವಿ. ನಾವು ಅದನ್ನ 'ಮುದ್ದೆ ಕಟ್ಟೆ' ಅಂತ ಕರೀತೀವಿ. ಯಾವ ಮಾಡ್ಯುಲರ್ ಕಿಚನ್‌ನಲ್ಲೂ ಇದನ್ನ ನಾನು ನೋಡಿಲ್ಲ. ರಾಗಿ ಉಣ್ಣೋರನ್ನ ಮನಸ್ಸಲ್ಲಿಟ್ಕೊಂಡು ಯಾರೂ ಅಡುಗೆಮನೆ ಮಾಡಿಲ್ಲ ನೋಡಿ.

ಮೊದಲು ಗಾಳಿ ಬೆಳಕು, ಆಮೇಲೆ ಅಂದ ಚೆಂದ. ಗೋಡೆ ಒಡೆದು ಕಿಟಕಿ ಇಡೋದಿದ್ರೆ ಆತುರ ಬೇಡ. ಮೊದಲು ಲಿಂಟಲ್ ಕೂರೋಷ್ಟು ಮಾತ್ರ ಗೋಡೆ ಕೊರೆದು, ಎರಡು ಕಡೆಯೂ ಆರಿಂಚು ಗೋಡೆ ಮೇಲೆ ಕೂರೋ ಹಾಗೆ ಲಿಂಟಲ್ ಹಾಕಿ, ವಾರ ನೀರು ಉಣಿಸಿ, ಆಮೇಲೆ ಕೆಳಗಿನ ಗೋಡೆ ಬಿಡಿಸಬೇಕು. ಕಿಟಕಿ ಗುಜರಿ ಅಂಗಡಿಯದು. ಮಾಡಿಗೆ ಎರಡು ಗಾಜಿನ ಹಂಚು. ಯಾರೋ ಬಂದು "ಆಗ್ನೇಯಕ್ಕೆ ಒಲೆ ಬರಲಿಲ್ಲವಲ್ಲ" ಅಂದ್ರು. 215 ಚದರಡಿಯಲ್ಲಿ ಆಗ್ನೇಯ ಹುಡುಕಿದ್ರೆ ಹಾಸಿಗೆ ಮೇಲೆ ಒಲೆ ಬರುತ್ತೆ ಸ್ವಾಮಿ.

ಸೌದೆ ಒಲೆ ಪೂರ್ತಿ ಬಿಡಲಿಲ್ಲ. ಸಿಲಿಂಡರ್ ಖಾಲಿಯಾದ ದಿನ ಉಪವಾಸ ಇರಕ್ಕಾಗಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ರೂಪಿಸಿದ 'ಅಸ್ತ್ರ ಒಲೆ' ಇದೆಯಲ್ಲ, ಮುಚ್ಚಿದ ಬೆಂಕಿಗೂಡು, ಕೆಳಗೆ ಜಾಲರಿ, ಸಾಲಾಗಿ ಪಾತ್ರೆ, ಹಿಂದೆ ಹೊಗೆ ಕೊಳವೆ, ಅದರ ರೀತೀಲೇ ಎರಡು ಪಾತ್ರೆಯದೊಂದನ್ನ ಮೂಲೇಲಿ ಕಟ್ಟಿದ್ವಿ. ಕೊಳವೆ ಅದೇ ಹಳೇ ತೂತಿಂದ ಹೊರಗೆ ಹೋಗಿ ಮಾಡಿಗಿಂತ ಎತ್ತರಕ್ಕೆ ನಿಂತಿದೆ. ಮೂವತ್ತು ವರ್ಷ ಆದಮೇಲೆ ಚಿಂದಿ ತೆಗೆದ್ವಿ.

ಗ್ಯಾಸಿನ ವಿಷಯದಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಸ್ಟವ್ ಅದಕ್ಕಿಂತ ಎತ್ತರದಲ್ಲಿರಬೇಕು. ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ನೆಲಕ್ಕೆ ಇಳಿದು ನಿಲ್ಲುತ್ತೆ. ಅದಕ್ಕೆ ಸಿಲಿಂಡರ್‌ಗೆ ಬಾಗಿಲು ಹಾಕಿ ಮುಚ್ಚದೆ, ನೆಲದ ಮಟ್ಟದಲ್ಲಿ ಗೋಡೆಗೆ ಒಂದು ತೂತು ಬಿಟ್ಟು ಜಾಲರಿ ಹಾಕಿ. ಟ್ಯೂಬು ಐಎಸ್‌ಐ ಗುರುತಿನದು ತಗೊಳ್ಳಿ, ಐದು ವರ್ಷಕ್ಕೆ ಬದಲಾಯಿಸಿ. ಸಿಂಕಿನ ನೀರು ಬೀದಿಗೆ ಬಿಡಬೇಡಿ. ಹಿತ್ತಲಲ್ಲಿ ಗೋಡೆಯಿಂದ ದೂರಕ್ಕೆ ಮೂರಡಿ ಗುಂಡಿ ತೋಡಿ ದಪ್ಪಕಲ್ಲು, ಮೇಲೆ ಜೆಲ್ಲಿ ತುಂಬಿ. ಇಂಗಿ ಹೋಗುತ್ತೆ.

ಲೆಕ್ಕ ಇದು. ಕಡಪ ಕಲ್ಲು 2,300. ಸಿಮೆಂಟ್ ಆರು ಮೂಟೆ 2,400. ಎಂ ಸ್ಯಾಂಡ್ ಅರ್ಧ ಟ್ರ್ಯಾಕ್ಟರ್ 2,200. ಸಿಮೆಂಟ್ ಬ್ಲಾಕ್ ಅರವತ್ತು, 2,100. ಸೆಕೆಂಡ್ಸ್ ಟೈಲ್ಸ್ 1,500. ವೈಟ್ ಸಿಮೆಂಟ್, ಗ್ರೌಟ್ 700. ಸ್ಟೀಲ್ ಸಿಂಕ್ 1,800. ಪೈಪು, ನಲ್ಲಿ 1,900. ಗುಜರಿ ಕಿಟಕಿ 1,200. ಲಿಂಟಲ್ ಕಂಬಿ 300. ವೈರು, ಬಲ್ಬು, ಸಣ್ಣ ಎಕ್ಸಾಸ್ಟ್ ಫ್ಯಾನು 2,300. ಗಾಜಿನ ಹಂಚು 300. ಹೊಗೆ ಕೊಳವೆ, ಜಾಲರಿ 1,400. ಬಣ್ಣ 1,700. ಕಟ್ಟಿಂಗ್ ಮಷೀನ್ ಬಾಡಿಗೆ 600. ವೈರಿಂಗ್ ಮಾಡಿದ ಹುಡುಗನಿಗೆ 1,000. ಒಟ್ಟು 23,700. ಟೈಲ್ಸ್ ಮೂರು ಬಣ್ಣದವು, ಒಂದಕ್ಕೊಂದು ಹೊಂದಲ್ಲ. ಅವ್ವನಿಗೆ ಅದೇ ಇಷ್ಟ ಆಗಿದೆ.

"ನೋಡಿದ್ರಾ, ಮನಸ್ಸು ಮಾಡಿದ್ರೆ ಯಾರು ಬೇಕಾದ್ರೂ ಮಾಡ್ಕೋಬಹುದು" ಅಂತ ಈ ಪೋಸ್ಟನ್ನ ಶೇರ್ ಮಾಡೋಕೆ ಹೊರಟಿದ್ದರೆ, ಸ್ವಲ್ಪ ತಾಳಿ. ಈ ಲೆಕ್ಕದಲ್ಲಿ ಒಂದು ಸಾಲು ಬಿಟ್ಟಿದ್ದೀನಿ. ಕೂಲಿ. ಮೇಸ್ತ್ರಿಗೆ ದಿನಕ್ಕೆ 900, ಕೈಯಾಳಿಗೆ 600 ಅಂತ ಕಡಿಮೆಯಲ್ಲೇ ಹಿಡಿದ್ರೂ ಒಂಬತ್ತು ದಿನಕ್ಕೆ 13,500. ಅಂದ್ರೆ ಈ ಅಡುಗೆಮನೆಯ ನಿಜವಾದ ಬೆಲೆ 37,200. ಒಂಬತ್ತು ದಿನ ತಮ್ಮ ಕೂಲಿಗೆ ಹೋಗಲಿಲ್ಲ. ಅವ್ವ ಬ್ಲಾಕ್ ಹೊತ್ತಳು, ಗೋಡೆಗೆ ನೀರು ಉಣಿಸಿದಳು, ಚಿಕ್ಕವ್ವನ ಮನೇಲಿ ಬೇಯಿಸ್ಕೊಂಡು ಬಂದು ನಮಗೆ ಬಡಿಸಿದಳು. ಅದನ್ನ ಯಾವ ದರದಲ್ಲಿ ಹಿಡಿಯೋದು? ದುಡ್ಡಿದ್ದವರು ಭಾನುವಾರ ಡ್ರಿಲ್ಲಿಂಗ್ ಮಷೀನ್ ಹಿಡಿದ್ರೆ ಅದು ಹವ್ಯಾಸ. ನಾವು ನಮ್ಮ ಮನೆ ನಾವೇ ಕಟ್ಕೊಳ್ಳೋದು ಬೇರೆ ದಾರಿ ಇಲ್ಲದೆ. ಕೇರಿ ಹಿಂದಿನಿಂದಲೂ ಸ್ವಂತ ಕೈಯಿಂದಲೇ ನಿಂತಿರೋದು. 'ಸ್ವಾವಲಂಬನೆ' ಅಂತ ನಮಗೆ ಪಾಠ ಹೇಳಬೇಡಿ. ಊರಿನ ಅಡುಗೆಮನೆಗಳೂ ನಮ್ಮ ಕೈಯಿಂದಲೇ ಎದ್ದಿರೋದು.

ಹಾಗಾಗಿ ಸರ್ಕಾರ ಕೈ ತೊಳ್ಕೊಳ್ಳೋ ಹಾಗಿಲ್ಲ. ಪರಿಶಿಷ್ಟರ ಜನಸಂಖ್ಯೆಗೆ ತಕ್ಕಂತೆ ಬಜೆಟ್ಟಿನಲ್ಲಿ ದುಡ್ಡು ಇಡಬೇಕು ಅಂತ 2013ರಲ್ಲಿ ನಮ್ಮ ರಾಜ್ಯವೇ ಕಾಯ್ದೆ ಮಾಡಿದೆ. ಆ ದುಡ್ಡು ಬೇರೆ ಕಡೆ ಹರಿದು ಹೋಗೋದಕ್ಕೆ ದಾರಿ ಮಾಡಿದ್ದ 7(ಡಿ) ಕಲಮು ಹೋರಾಟದ ಒತ್ತಡದಿಂದ 2023ರಲ್ಲಿ ಹೋಯ್ತು. ಆದರೂ ಆ ದುಡ್ಡು ಎಲ್ಲರಿಗೂ ಕೊಡೋ ಗ್ಯಾರಂಟಿಗಳ ಲೆಕ್ಕಕ್ಕೆ ಹೋಗ್ತಿದೆ ಅಂತ ನಾವು ಬೀದೀಲಿ ಕೂಗ್ತಾನೇ ಇದ್ದೀವಿ. ಕೂಗುವಾಗ 'ನಮ್ಮ ಹಣ ನಮಗೆ ಕೊಡಿ' ಅಂದ್ರೆ ಸಾಲದು. ಯಾವುದಕ್ಕೆ ಅಂತಲೂ ಹೇಳಬೇಕು. ನಾನು ಹೇಳ್ತೀನಿ: 20 ಚದರ ಮೀಟರಿನ ಹಳೇ ಮನೆಗಳ ಪಟ್ಟಿ ಮಾಡಿ. ಪ್ರತಿ ಮನೆಗೂ ಅಡುಗೆಮನೆ ದುರಸ್ತಿಗೆ ದುಡ್ಡು ಕೊಡಿ, ಕೂಲಿ ಸೇರಿಸಿ ಕೊಡಿ, ಗುತ್ತಿಗೆದಾರನಿಗಲ್ಲ, ಮನೆಯ ಹೆಣ್ಣುಮಗಳ ಖಾತೆಗೆ. ನಕ್ಷೆ ಅವಳೇ ಹಾಕ್ತಾಳೆ. ಕೇರಿಯ ಗಾರೆ ಹುಡುಗರಿಗೆ ಅದರಲ್ಲೇ ಕೆಲಸ ಸಿಗುತ್ತೆ.

ಚುನಾವಣೆ ಬಂದಾಗ ದಲಿತರ ಮನೇಲಿ ಊಟ ಅಂತ ಬರ್ತಾರಲ್ಲ, ಹೋಟೆಲಿನಿಂದ ಇಡ್ಲಿ ತರಿಸ್ಕೊಂಡು ನಮ್ಮ ಚಾಪೆ ಮೇಲೆ ಕೂತು ತಿನ್ನೋರು, ಅವರಿಗೂ ಒಂದು ಮಾತು. ಮುಂದಿನ ಸಲ ಮುಂದಿನ ಕೋಣೇಲಿ ಕೂರಬೇಡಿ. ಒಳಗೆ ಬನ್ನಿ. ಒಲೆ ಹಚ್ಚಿ, ಹತ್ತು ನಿಮಿಷ ನಿಂತ್ಕೊಳ್ಳಿ. ಕ್ಯಾಮೆರಾದವರನ್ನೂ ಕರ್ಕೊಂಡು ಬನ್ನಿ, ಅವರ ಕಣ್ಣಲ್ಲೂ ನೀರು ಬರಲಿ.

ಇನ್ನು ಅಣ್ಣಾ, ನಮ್ಮ ವಿಷಯ. ಸಂವಿಧಾನಕ್ಕೆ ಕುತ್ತು ಬಂದಿದೆ, ಒಪ್ತೀನಿ. ಅದನ್ನ ಉಳಿಸೋಕೆ ಕರೆದ ಕಡೆ ಬರ್ತೀನಿ, ಇಲ್ಲೀವರೆಗೂ ಬಂದಿದ್ದೀನಿ. ಆದರೆ ಆ ಸಂವಿಧಾನದಲ್ಲಿ ಬದುಕುವ ಹಕ್ಕು ಅಂತ ಇದೆಯಲ್ಲ, ಅದರಲ್ಲಿ ನಮ್ಮವ್ವನ ಉಸಿರೂ ಸೇರಿದೆ. ಬರೋ ಜಯಂತಿಗೆ ಒಂದು ಪ್ರಸ್ತಾಪ ಇಡ್ತೀನಿ. ಫ್ಲೆಕ್ಸು ಒಂದೇ ಸಾಕು, ಅದರಲ್ಲಿ ಬಾಬಾಸಾಹೇಬರು ಒಬ್ಬರೇ ಇರಲಿ. ಡಿಜೆ ಬೇಡ. ಉಳಿದ ದುಡ್ಡಲ್ಲಿ ವರ್ಷಕ್ಕೆ ಒಂದು ಅಡುಗೆಮನೆ. ಕೇರಿಯಲ್ಲಿ ಯಾರ ಕೆಮ್ಮು ಜಾಸ್ತಿಯೋ ಅವರ ಮನೆಯಿಂದ ಶುರು. ಸಂಘಟನೆಯ ಗಂಡಸರು ಬಾಂಡ್ಲಿ ಹೊರಬೇಕು, ನೀವೂ ಸೇರಿ. ಕೆಲಸ ಮುಗಿಯೋ ತನಕ ಅಡುಗೇನೂ ನಾವೇ ಮಾಡಬೇಕು. ಸರ್ಕಾರ ದುಡ್ಡು ಕೊಡೋ ತನಕ ಇದು. ಕೊಡೋ ತನಕ ಕೇಳೋದನ್ನೂ ಬಿಡಬಾರದು.

ಈ ಮಾತು ಮಿಡ್ಲ್ ಕ್ಲಾಸಿನದು ಅನ್ನಿಸಿದರೆ, ಮನೆಗೆ ಹೋಗಿ ಅತ್ತಿಗೆಯನ್ನ ಒಂದು ಮಾತು ಕೇಳಿ ನೋಡಿ.

ಗೃಹಪ್ರವೇಶ ಅಂತ ನಾವೇನೂ ಮಾಡಲಿಲ್ಲ. ಹಾಲು ಉಕ್ಕಿಸಲಿಲ್ಲ. ಕೆಲಸ ಮುಗಿದ ದಿನ ಸಂಜೆ ಅವ್ವ ಹೊಸ ಒಲೆ ಮೇಲೆ ಬಾಡಿನ ಸಾರು ಇಟ್ಟಳು, ಗಿಡ್ಡ ಕಟ್ಟೆ ಮೇಲೆ ಮುದ್ದೆ ತೊಳಸಿದಳು. ಕೇರಿಯವರು ಬಂದ್ರು, ಒಳಗೇ ಬಂದು ನಿಂತು ಉಂಡ್ರು. ಯಾರನ್ನೂ ಬಾಗಿಲಲ್ಲಿ ನಿಲ್ಲಿಸಲಿಲ್ಲ. ಅವ್ವ ಈಗಲೂ ಕೆಮ್ಮುತ್ತಾಳೆ. ಹೋದ ಎದೆ ಪೂರ್ತಿ ವಾಪಸ್ ಬರಲ್ಲ ಅಂತ ಡಾಕ್ಟರು ಹೇಳಿದ್ದಾರೆ. ಈ ಕೆಲಸ ನಾನು ಹತ್ತು ವರ್ಷ ಮೊದಲೇ ಮಾಡಬೇಕಿತ್ತು.

ನೀವು ತಡ ಮಾಡಬೇಡಿ.

ಜೈ ಭೀಮ್.